ನೀರಿನಂಚಿನ ಗೂಟ

ಕಾರವಾರದ ಕಡೆಗೆ ಹೊರಡುವ ಹಿಂದಿನ ದಿನವೂ ಬೋರಲಿಂಗಯ್ಯ ಎದ್ದವನೇ ದೊಡ್ಡಆಲಹಳ್ಳಿ ಕೆರೆಗೆ ನಡೆದ. ಹೆಂಡತಿ ಕೆಂಚಮ್ಮ ಬೀಜದ ಕುಕ್ಕೆ ಹೊತ್ತು ಹಿಂದೆ ಹೋದಳು. ನಿನ್ನೆ ನೀರಿನಂಚಿಗೆ ನೆಟ್ಟಿದ್ದ ಗೂಟ ಈಗ ಹಸಿ ನೆಲದಲ್ಲಿತ್ತು. ಅವನು ಅದನ್ನು ಕಿತ್ತು ಮತ್ತೆ ಅಂಚಿಗೆ ನೆಟ್ಟ. ಗೂಟದ ಈಚೆಗೆ ಸೌತೆ ಬೀಜ ಹಾಕಬಹುದು. ಬೇಸಿಗೆಯಲ್ಲಿ ಕೆರೆ ಬಿಟ್ಟುಕೊಟ್ಟ ನೆಲವನ್ನು ಮಳೆ ಬರುವ ತನಕ ವಾಪಸ್ ಕೇಳುವುದಿಲ್ಲ.

"ಕಾರವಾರದಲ್ಲಿ ಅದೇನ್ ಅಳೀತೀಯ?" ಕೇಳಿದಳು ಕೆಂಚಮ್ಮ.

"ಸಮುದ್ರದ ಜೌಗು ಕಣಮ್ಮಿ. ಬ್ರಿಟಿಷರ ಕಾಲದ ಮ್ಯಾಪು ಐತಂತೆ. ಈಗ ನೆಲ ಎಷ್ಟು ಉಳಿದೈತೆ ಅಂತ ಹೊಸದಾಗಿ ಬರೀಬೇಕಂತೆ."

"ಹೂತ್ಕೊಂಡ್ ಗೀತ್ಕೊಂಡೀಯ."

"ಕೆರೆ ಕೆಸರಲ್ಲಿ ಬೆಳೆದೋನು ನಾನು. ಆ ಕೆಸರು ನಿನ್ ಸಾರಿಗಿಂತ ಗಟ್ಟಿಯಾಗಿರ್ತದೆ ಬುಡು."

ಕೆಂಚಮ್ಮ ಒಂದು ಹಿಡಿ ಕೆಸರು ಎತ್ತಿ ಅವನ ಬೆನ್ನಿಗೆ ಎಸೆದಳು.

ಹಾರೋಹಳ್ಳಿಯಲ್ಲಿ ಕಾರ್ಖಾನೆಗಳಿಗೆ ಜಮೀನು ಅಳೆದಾಗ ಸರ್ವೆಯವರ ಉದ್ದ ಕೋಲು ಹಿಡಿಯಲು ಸೇರಿದ್ದ ಅವನು. ಸರ್ವೇಯರ್ ನರೇಂದ್ರ ಅವನನ್ನೇ ಕಾರವಾರಕ್ಕೂ ಕರೆದೊಯ್ದ. ಜೌಗಿಗಿಳಿದ ಮೊದಲ ದಿನವೇ ಬೋರಲಿಂಗಯ್ಯ ಮುಳುಗಿ ಸತ್ತ. ಜೀಪಿನಲ್ಲಿ ಹೆಣ ಬಂತು.

ಕುಡಿದಿದ್ದ ಎಂದರು ಊರವರು. ಕೆಂಚಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆ ಹಚ್ಚಿ ಬೀದಿಗೆ ಬರುವಳು, ಬೀದಿಯಿಂದ ಹಿತ್ತಿಲಿಗೆ ಹೋಗುವಳು. ನೋಡಿ ಹೆಜ್ಜೆ ಇಡುವ ಮನುಷ್ಯ. ಮುಳುಗುವಷ್ಟು ನೀರಿಗೆ ಯಾಕೆ ಇಳಿದ?

ತಿಥಿಗೆ ನರೇಂದ್ರ ಬಂದ. ಎಲೆ ಮುಂದೆ ಕೂತವನನ್ನು ಎಬ್ಬಿಸಿ ಹಿತ್ತಿಲಿಗೆ ಕರೆದಳು.

"ಕುಡಿದಿದ್ನಾ ಸ್ವಾಮಿ?"

"ಇಲ್ಲಮ್ಮ. ನೀರು ಇಳಿದಿತ್ತು. ಕೋಲು ಹಿಡ್ಕೊಂಡು ದೂರ ಹೋಗಿದ್ದ. ನೀರು ಬರುತ್ತೆ ಬಾ ಅಂತ ದಡದಿಂದ ಕೂಗಿದೆ. ನಕ್ಕ. 'ಗೂಟ ಹಾಕಿವ್ನಿ ಸಾರ್, ನೀರು ಹಿಂದಕ್ಕೇ ಹೋಯ್ತಾ ಐತೆ' ಅಂದ."

"ಆಮ್ಯಾಕೆ?"

"ಸಮುದ್ರದ ನೀರು ಇಳಿದ ದಿನವೇ ವಾಪಸ್ ಏರುತ್ತಮ್ಮ. ಅವನ ಹಿಂದೆ, ದಡದ ಕಡೆ ಇದ್ದ ಹಳ್ಳ ಮೊದಲು ತುಂಬ್ತು. ವಾಪಸ್ ಬರೋಕೆ ದಾರಿ ಉಳೀಲಿಲ್ಲ."

"ಏರ್ತದೆ ಅಂತ ಮೊದ್ಲೇ ಹೇಳಿದ್ರಾ?"

"ಗೊತ್ತಿರುತ್ತೆ ಅಂದ್ಕೊಂಡೆ."

ಇಳಿದ ನೀರು ಸಂಜೆಯೊಳಗೆ ತಿರುಗಿ ಬರುವುದನ್ನು ಈ ಊರಲ್ಲಿ ಯಾರು ಕಂಡಿದ್ದರು? ತಾನಾಗಿದ್ದರೂ ಗೂಟ ನಂಬಿ ನಿಂತಿರುತ್ತಿದ್ದೆ ಅನ್ನಿಸಿತು ಅವಳಿಗೆ.

"ಹೋಗಿ ಉಣ್ಣಿ" ಎಂದಳು. ಆಮೇಲೆ ಪಂಕ್ತಿಗೆ ಬಂದು, ಉಣ್ಣುತ್ತಿದ್ದವರೆಲ್ಲರಿಗೂ ಕೇಳುವಂತೆ, "ನನ್ ಗಂಡ ಕುಡಿದಿರ್ನಿಲ್ಲ" ಎಂದಳು.

ಕೆರೆ ಇಳಿಯುವ ಕಾಲದಲ್ಲಿ ಈಗಲೂ ಬೆಳಿಗ್ಗೆ ಎದ್ದು ಹೋಗುತ್ತಾಳೆ. ಗೂಟ ಕಿತ್ತು ನೀರಿನಂಚಿಗೆ ನೆಡುತ್ತಾಳೆ. ಬೀಜ ಊರುವಾಗ ನೀರಿಗೆ ಬೆನ್ನು ಹಾಕುವುದಿಲ್ಲ.