ಮೀನಿನ ಪಾಲಿನ ಸೇವಂತಿಗೆ

ಶಿರಾದ ಹೂವಿನ ಮಾರುಕಟ್ಟೆಯಲ್ಲಿ ಚಿಕ್ಕಹನುಮಕ್ಕನ ಮೊಳ ಎಂದರೆ ಮೊಳ. ಗಿರಾಕಿ ಹೊಗಳಿದರೂ ಸರಿ, ಜಗಳಕ್ಕೆ ನಿಂತರೂ ಸರಿ, ಮೊಣಕೈಯಿಂದ ನಡುಬೆರಳ ತುದಿಯವರೆಗೆ ಅಳೆದು ದಾರ ಕತ್ತರಿಸುವಳು. ಒಂದು ಮೊಗ್ಗು ಹೆಚ್ಚಿಲ್ಲ, ಒಂದು ಮೊಗ್ಗು ಕಡಿಮೆಯಿಲ್ಲ. ಪಾವಗಡದ ಕಡೆಯಿಂದ ಸೊಸೆಯಾಗಿ ಬಂದವಳು, ಗಂಡ ತೀರಿಕೊಂಡ ಮೇಲೆ ಹೂ ಕಟ್ಟಿಯೇ ಮಗಳನ್ನು ಕೊರಟಗೆರೆಗೆ ಮದುವೆ ಮಾಡಿಕೊಟ್ಟಳು.

ಆ ಮಗಳ ಮಗಳು ಶರಣ್ಯಾ ಮಧುಗಿರಿಯ ಹಾಸ್ಟೆಲಿಗೆ ಸೇರುವಾಗ ತನ್ನ ನೀಲಿ ಮೀನನ್ನು ಗಾಜಿನ ಬೋಗುಣಿಯ ಸಮೇತ ಅಜ್ಜಿಗೆ ಒಪ್ಪಿಸಿದಳು.

"ಬೆಟ್ಟಾ ಮೀನು ಕಣಜ್ಜಿ ಇದು."

"ಯಾವ ಬೆಟ್ಟದ್ದೇ? ನಿಮ್ ಸಿದ್ದರಬೆಟ್ಟದ್ದಾ?"

"ಅಯ್ಯೋ, ಹೆಸ್ರೇ ಅಂಗೆ! ಜೊತೆಗೆ ಇನ್ನೊಂದು ಮೀನು ಬುಟ್ರೆ ಕಚ್ಚಾಡಿ ಸಾಯ್ತವೆ. ಒಂದೇ ಇರ್ಬೇಕು. ದಸರಾ ರಜಕ್ಕೆ ಬತ್ತೀನಿ, ಚೆನ್ನಾಗ್ ನೋಡ್ಕೊ."

ಹನುಮಕ್ಕ ನೋಡಿಕೊಂಡಳು. ಬೆಳಿಗ್ಗೆ ಬುಟ್ಟಿ ಬಿಚ್ಚಿದ ಕೂಡಲೇ ದೇವರ ಪಟಕ್ಕೊಂದು ಸೇವಂತಿಗೆ, ಮೀನಿನ ನೀರಿಗೊಂದು ಸೇವಂತಿಗೆ. ಮೀನು ಹೂವಿನ ಸುತ್ತ ತಿರುಗಿದರೆ ಅವಳಿಗೆ ಹಿಗ್ಗೋ ಹಿಗ್ಗು. ಕೆಲವು ವಾರಗಳಲ್ಲಿ, ರೇಷ್ಮೆ ಸೆರಗಿನಂತಿದ್ದ ಅದರ ರೆಕ್ಕೆ ಇಲಿ ಕಡಿದ ಬಟ್ಟೆಯಂತೆ ಚಿಂದಿಯಾಯಿತು. ಕೂಸು ಹಾಸ್ಟೆಲಿಗೆ ಹೋದ ಕೊರಗು ಎಂದುಕೊಂಡು ಅವಳು ಇನ್ನೊಂದು ಹೂ ಹೆಚ್ಚಿಗೆ ಬಿಟ್ಟಳು.

ಅಷ್ಟರಲ್ಲಿ ಮಗಳಿಗೆ ಜ್ವರವೆಂದು ಕೊರಟಗೆರೆಗೆ ಹೋಗಬೇಕಾಯಿತು. ಗೋಡೆಯಾಚೆಯ ಅಮೀರ್ ಬಿ ಬೋಗುಣಿಯನ್ನು ತಾನಿಟ್ಟುಕೊಂಡಳು. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ಗೋಡೆಯ ಮೇಲೆ ಸಾರು ಪಲ್ಯ ದಾಟಿಸಿದವರು.

ಹಿಂತಿರುಗಿದ ಹನುಮಕ್ಕ ಕಂಡದ್ದೇನು? ಅಮೀರ್ ಬಿ ಗಾಜಿಗೆ ಬೆರಳಿಟ್ಟರೆ ಮೀನು ಓಡಿ ಬರುತ್ತದೆ, ಬೆರಳು ಆಚೆ ಹೋದರೆ ಆಚೆ, ಈಚೆ ಬಂದರೆ ಈಚೆ! ಹರಿದ ಅಂಚಿನಲ್ಲಿ ಬೆಳ್ಳುಳ್ಳಿ ಸಿಪ್ಪೆಯಂಥ ತೆಳ್ಳನೆಯ ಹೊಸ ರೆಕ್ಕೆ ಮೂಡಿದೆ. ಹನುಮಕ್ಕ ಬೆರಳಿಟ್ಟಳು. ಮೀನು ಕಿವಿರು ಅಗಲಿಸಿ ಗುರ್ರೆಂದಂತೆ ನಿಂತು, ಬಾಲ ತಿರುಗಿಸಿತು.

"ನಿನ್ ಗುರ್ತೇ ಮರ್ತೈತಲ್ಲೇ!" ಎಂದು ಅಮೀರ್ ಬಿ ನಕ್ಕಳು. "ರೆಕ್ಕೆ ಪೂರ್ತಿ ಬೆಳೀಲಿ, ಅಲ್ಲೀಗಂಟ ಇಲ್ಲೇ ಇರ್ಲಿ ಬುಡು."

ಹನುಮಕ್ಕ ತಲೆಯಾಡಿಸಿ ಬರಿಗೈಯಲ್ಲಿ ಮನೆಗೆ ಬಂದಳು. ಗಂಡ ಇದ್ದಾನೆ, ಮಕ್ಕಳು ಓಣಿಯಲ್ಲೇ ಇದ್ದಾರೆ, ಈಗ ನನ್ನ ಕೂಸಿನ ಮೀನೂ ಬೇಕಾಯಿತೇ ಇವಳಿಗೆ? ರಜಕ್ಕೆ ಬಂದ ಶರಣ್ಯಾ ಯಾರ ಕೊರಳಿಗೆ ಜೋತುಬೀಳುತ್ತಾಳೆ? ಮೀನು ಯಾರದೆಂದು ಮರೆಯದಿರಲೆಂದೇ ದಿನಾ ಬೆಳಿಗ್ಗೆ ಗೋಡೆಯ ಮೇಲೊಂದು ಸೇವಂತಿಗೆ ಇಟ್ಟು ಕೂಗುವಳು: "ನನ್ ಮೀನಿಗೆ!" ಆಚೆಯಿಂದ ಬಳೆ ಕೈಯೊಂದು ಎದ್ದು ಹೂ ಎತ್ತಿಕೊಳ್ಳುವುದು.

ದಸರಾ ಹತ್ತಿರವಾದಾಗ ಅಮೀರ್ ಬಿಯ ಗಂಡ ಇನಾಯತುಲ್ಲಾ ಸಾಬರು ಹನುಮಕ್ಕನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದರು. "ಅಕ್ಕಾ, ನಮ್ಮನೇವ್ಳು ಈ ವಯಸ್ನಾಗೆ ದಿನಾ ಸೇವಂತಿಗೆ ಮುಡೀತಾವ್ಳೆ. ತಂದುಕೊಡ್ತಿರೋನು ನಾನಲ್ಲ. ಯಾರಂತ ಒಸಿ ವಿಚಾರ್ಸಿ!"

ಹನುಮಕ್ಕ ಸೂಜಿ ದಾರ ಬಿಸಾಕಿ ಎದ್ದು ಆಚೆಮನೆಗೆ ನಡೆದಳು. ಅಮೀರ್ ಬಿಯ ದುಪಟ್ಟಾದೊಳಗೆ, ನರೆತ ಗಂಟಿನಲ್ಲಿ, ಬೆಳಿಗ್ಗೆ ಕೊಟ್ಟ ಹೂವೇ ಹಳದಿಯಾಗಿ ನಗುತ್ತಿತ್ತು.

"ಮೀನಿನ ಹೂ ಮುಡ್ಕೊಂಡಿದ್ದೀಯೇನೇ ಕಳ್ಳೀ!"

ಅಮೀರ್ ಬಿ ಕೈಯಿಂದ ಹೂ ಮುಚ್ಚಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಹೂ ಕಟ್ಟಿ ಕೈ ತೊಳ್ಕಳ್ದೆ ನೀನು ತುತ್ತು ಎತ್ತೀಯಾ?"

"ಎತ್ತಲ್ಲ. ತೋಟ್ದಾಗೆ ಔಷ್ದಿ ಹೊಡ್ದಿರ್ತಾರೆ."

"ಮೀನು ಎಲ್ಲಿಗೋಗಿ ತೊಳ್ಕಳ್ತದೆ ಹೇಳು? ನಿನ್ ಬೋಗುಣಿ ಬಂದ ದಿನ ಕೊಳ್ತ ಎಸಳು ಗಬ್ಬು ನಾರ್ತಿತ್ತು. ಹೂ ತೆಗ್ದೆ, ದಿನಾ ಒಸಿ ನೀರು ಬದಲಾಯಿಸ್ದೆ, ಅಷ್ಟೇ. ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ಕಿದ್ದೆ. ನೀನು ಗೋಡೆ ಮ್ಯಾಲಿಡೋ ಹೂ ಬಿಸಾಕಕ್ಕೂ ಮನ್ಸು ಬರ್ಲಿಲ್ಲ."

ಹನುಮಕ್ಕ ಉರಿಯುತ್ತಲೇ ಬೋಗುಣಿ ಎತ್ತಿಕೊಂಡು ನೀರು ಚೆಲ್ಲದಂತೆ ಮನೆಗೆ ಬಂದಳು. ಕೈ ಉಜ್ಜಿ ಉಜ್ಜಿ ತೊಳೆದು ನಾಲ್ಕು ಕಾಳು ತಿಂಡಿ ಹಾಕಿದಳು. ಮೀನು ತಿಂದು, ಗೋಡೆಯ ಕಡೆ ಮುಖಮಾಡಿ ನಿಂತಿತು. ಅವಳು ಬೋಗುಣಿಯನ್ನೇ ತಿರುಗಿಸಿದಳು. ಮೀನೂ ತಿರುಗಿತು.

ಶರಣ್ಯಾ ಬಂದವಳೇ ಬೋಗುಣಿ ತಬ್ಬಿಕೊಂಡಳು. "ರೆಕ್ಕೆ ತುದಿ ಹೊಸ್ದಾಗಿ ಬಂದೈತಲ್ಲಜ್ಜಿ! ಏನಾಗಿತ್ತು? ನೀನೇ ವಾಸಿ ಮಾಡ್ದಾ?"

ಗೋಡೆಯಾಚೆ ಬಳೆಯ ಸದ್ದು ನಿಂತಿತು. ಒಂದು 'ಹೂಂ' ಎಂದಿದ್ದರೆ ಕೂಸು ಈಗಲೇ ಕೊರಳಿಗೆ ಬೀಳುತ್ತಿತ್ತು. ಹನುಮಕ್ಕ ಎರಡು ಮೊಗ್ಗು ಪೋಣಿಸಿದಳು.

"ಕೆಡಿಸಿದ್ದು ನಾನು," ಎಂದಳು. "ವಾಸಿ ಮಾಡಿದ್ದು ಆಚೆಮನೆಯೋಳು."

"ಅಮೀರಜ್ಜೀ!" ಎಂದು ಹುಡುಗಿ ಓಡಿಯೇಬಿಟ್ಟಳು. ಆಚೆ ಮುತ್ತಿಟ್ಟ ಸದ್ದು ಈಚೆಗೂ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಆ ಬಳೆ ಕೈ ಎದ್ದಿತು. "ಎಲ್ಲೇ ಹನುಮಕ್ಕಾ, ಮೀನು ಹೋದ್ಮೇಲೆ ನನ್ ಹೂವೂ ಹೋಯ್ತಾ?"

ಹನುಮಕ್ಕ ಕಟ್ಟಿದ ಸೇವಂತಿಗೆಯನ್ನು ಮೊಣಕೈಗಿಟ್ಟು ನಡುಬೆರಳವರೆಗೆ ಎಳೆದಳು. ಕೂಸಿನ ನಗು ಇನ್ನೂ ಆಚೆಯಿಂದಲೇ ಬರುತ್ತಿತ್ತು. ದಾರವನ್ನು ಎರಡು ಹೂವಿನಷ್ಟು ಹಿಂದಕ್ಕೆ ಸರಿಸಿ, ಜೀವಮಾನದಲ್ಲಿ ಮೊದಲ ಸಲ ಗಿಡ್ಡ ಮೊಳ ಕತ್ತರಿಸಿ, ಆ ಕೈಯ ಮೇಲಿಟ್ಟಳು.