ಜಯತ್ತೆಯ ಗುನುಗು

ಮನೆಮನೆಯ ಕೊಟ್ಟಿಗೆಯಲ್ಲೂ ಹಸುವಿಗೊಂದು ಹೆಸರಿದ್ದ ದಿನಗಳವು. ಮಳವಳ್ಳಿಯಿಂದ ಮುತ್ತತ್ತಿಗೆ ಹೋಗುವ ದಾರಿಯಲ್ಲಿದ್ದ ನಮ್ಮೂರಿನಲ್ಲಿ, ಸಂಜೆಯಾದರೆ ನಾವು ಮಕ್ಕಳೆಲ್ಲ ಹಾಲಿನ ಕ್ಯಾನುಗಳನ್ನು ಡೈರಿಯ ಮುಂದೆ ಸಾಲಿಗಿಟ್ಟು ಪಕ್ಕದಲ್ಲೇ ಕುಂಟೆಬಿಲ್ಲೆಗೆ ಗೆರೆ ಎಳೆಯುತ್ತಿದ್ದೆವು. ನೆನೆಸಿದ ಹಿಂಡಿಯ ವಾಸನೆ, ಹಸಿ ಕಬ್ಬಿನ ಸೋಗೆಯ ವಾಸನೆ ನಮ್ಮ ಲಂಗಕ್ಕೂ ಅಂಟಿಕೊಂಡಿರುತ್ತಿತ್ತು. ನಾನಾಗ ಏಳನೇ ಕ್ಲಾಸು. ಬಾಯಿ ಸ್ವಲ್ಪ ಜೋರು. ಈಗಲೂ ಅಷ್ಟೇ ಅನ್ನಿ.

ನಮ್ಮ ಹಸುವಿನ ಹೆಸರು ಕೆಂದಿ. ಆ ವರ್ಷ ಯುಗಾದಿ ಕಳೆದ ವಾರಕ್ಕೇ ಅದರ ಕರು ಸತ್ತುಹೋಯಿತು. ಕರು ಬಾಯಿ ಹಾಕದೆ ನಾಟಿ ಹಸು ಹಾಲು ಬಿಡುವುದುಂಟೆ? ಕೆಂದಿ ಕೆಚ್ಚಲು ಬಿಗಿಹಿಡಿದು ನಿಂತುಬಿಟ್ಟಿತು. ಹಿಂದಿನವರು ಮಾಡುತ್ತಿದ್ದಂತೆ ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಅದರ ಮುಂದೆ ನಿಲ್ಲಿಸೋಣವೆಂದು ಅಪ್ಪ ಹೊರಟರು. ಅಪ್ಪನ ತಂಗಿ ಜಯತ್ತೆ ಅಡ್ಡ ಬಂದಳು.

“ಸತ್ತ ಮಗೀನ ತೋರ್ಸಿ ಅವ್ಳಿಗೆ ಮೋಸ ಮಾಡಬ್ಯಾಡ ಕಣಣ್ಣ. ನಾ ನೋಡ್ಕತೀನಿ ಬುಡು.”

ಜಯತ್ತೆ ಕುಕ್ಕರಗಾಲಲ್ಲಿ ಕೂತು, ಕೆಂದಿಯ ಹೊಟ್ಟೆಗೆ ಹಣೆ ಆನಿಸಿ ಗುನುಗತೊಡಗಿದಳು. ಅದು ಹಾಡು ಅನ್ನುವಂಥ ಹಾಡೂ ಅಲ್ಲ. ‘ಬಾರವ್ವ, ಬುಡವ್ವ’ ಎಂಬ ಎರಡು ಮಾತು, ಉಳಿದದ್ದೆಲ್ಲ ಮೂಗಿನೊಳಗೇ. ಮೂರು ದಿನ ಏನೂ ಆಗಲಿಲ್ಲ. ನಾಲ್ಕನೇ ಬೆಳಗ್ಗೆ ಹಾಲು ಸೊರ್ ಸೊರ್ ಎಂದು ಚೊಂಬಿಗೆ ಬೀಳುವ ಸದ್ದು ಕೇಳಿ, ಕಾಫಿ ಕುಡಿಯುತ್ತಿದ್ದ ಅಪ್ಪ ಲೋಟ ಹಿಡಿದೇ ಓಡಿ ಬಂದರು. ಆದರೆ ಕೆಂದಿ ಜಯತ್ತೆಗಲ್ಲದೆ ಬೇರೆ ಯಾರಿಗೂ ಹಾಲು ಬಿಡಲಿಲ್ಲ.

ಸ್ಕೂಲು ಶುರುವಾದ ಮೇಲೆ ಖಾದರ್ ಮೇಷ್ಟ್ರು ನಮಗೆ ಇಂಗ್ಲಿಷಿಗೆ ಬಂದರು. ಮಳವಳ್ಳಿ ಪೇಟೆಯವರು, ಅವರ ತಂದೆಗೆ ವಾಚ್ ರಿಪೇರಿ ಅಂಗಡಿ ಇತ್ತು. ತಂದೆ ವಾಚು ಬಿಚ್ಚಿದ ಹಾಗೆ ಇವರು ಪದ ಬಿಚ್ಚಿ ತೋರಿಸುತ್ತಿದ್ದರು. ಒಂದು ದಿನ ‘ಚಾರ್ಮ್’ ಎಂದು ಬೋರ್ಡಿನ ಮೇಲೆ ಬರೆದು, ಹಾಗಂದರೇನು ಎಂದು ಕೇಳಿದರು. ಟೀವಿಯಲ್ಲಿ ಸೋಪಿನ ಜಾಹೀರಾತು ನೋಡಿದ್ದ ಒಬ್ಬಳು, “ಚೆನ್ನಾಗಿ ಕಾಣೋದು ಸಾ” ಎಂದಳು.

“ಈಗ ಅಷ್ಟೇ ಆಗೋಗದೆ. ಆದ್ರೆ ಇದ್ರ ಹುಟ್ಟೂರು ಲ್ಯಾಟಿನ್ನು. ಅಲ್ಲಿ ‘ಕಾರ್ಮೆನ್’ ಅಂದ್ರೆ ಹಾಡು, ಮಂತ್ರ. ಫ್ರಾನ್ಸ್ ದಾಟ್ಕೊಂಡು ಇಂಗ್ಲೆಂಡಿಗೆ ಬಂದಾಗ್ಲೂ, ಹಾಡೋ ಮಂತ್ರಾನೋ ಹೇಳಿ ಇನ್ನೊಬ್ರನ್ನ ವಶ ಮಾಡ್ಕೊಳ್ಳೋದು ಅಂತ್ಲೇ ಅರ್ಥ ಇತ್ತು. ಆಮೇಲೆ ಕಟ್ಕೊಳ್ಳೋ ತಾಯತಕ್ಕೂ ಚಾರ್ಮ್ ಅಂದ್ರು. ಹಾವಾಡಿಸೋನನ್ನ ಸ್ನೇಕ್ ಚಾರ್ಮರ್ ಅಂತಾರಲ್ಲ, ಅದ್ರಲ್ಲಿ ಹಳೇ ಅರ್ಥ ಇನ್ನೂ ಉಳ್ಕೊಂಡದೆ” ಎಂದರು ಮೇಷ್ಟ್ರು.

ನಾನು ತಡೆಯಲಾರದೆ ಎದ್ದು ನಿಂತೆ. “ನಮ್ಮತ್ತೆ ಹಾಡಿ ಕೆಂದಿ ಹತ್ರ ಹಾಲು ಕರೀತಾಳೆ. ಅದೂ ಚಾರ್ಮಾ ಸಾ?”

ಕ್ಲಾಸೆಲ್ಲ ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ. ಕರು ಸತ್ತದ್ದರಿಂದ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡು, “ಅಸಲಿ ಅರ್ಥ ನಿಮ್ಮನೆ ಕೊಟ್ಟಿಗೇಲಿ ಅದೆ ಕಣಮ್ಮ” ಎಂದರು.

ಮನೆಗೆ ಓಡಿ ಬಂದು ಹೇಳಿದರೆ ಜಯತ್ತೆ, “ಥೂ, ಹಸ ಕರ್ಯದಕ್ಕೂ ಇಂಗ್ಲಿಸಾ!” ಎಂದು ನಕ್ಕಳು. ನಕ್ಕರೂ ಆ ಸಂಜೆ ಗುನುಗು ಸ್ವಲ್ಪ ಜಾಸ್ತಿಯೇ ಇತ್ತು.

ಶ್ರಾವಣದಲ್ಲಿ ಅವಳ ಮದುವೆಯಾಯಿತು. ಗಂಡನ ಮನೆ ಮದ್ದೂರಿನ ಕಡೆ, ಕೊಕ್ಕರೆ ಬೆಳ್ಳೂರಿನ ಹತ್ತಿರ. ಅವಳು ಹೋದ ಮರುದಿನದಿಂದ ಅಪ್ಪ ಎಷ್ಟು ಹಿಂಡಿದರೂ ಚೊಂಬಿನ ತಳವೂ ಮುಚ್ಚಲಿಲ್ಲ. ನಾನು ಸುಮ್ಮನಿರುವವಳೇ? ಜಯತ್ತೆಯ ರಾಗವನ್ನೇ ಹಿಡಿದು ಹಾಡಿದೆ. ಕೆಂದಿ ಒದ್ದ ಏಟಿಗೆ ಚೊಂಬು ಒಂದು ಕಡೆ, ನಾನು ಸಗಣಿಯಲ್ಲಿ. “ಹಬ್ಬ ಕಳೀಲಿ, ಸಂತೆಗೆ ಹೊಡ್ಕೊಂಡೋಯ್ತೀನಿ” ಎಂದರು ಅಪ್ಪ. ಗೌರಿ ಹಬ್ಬಕ್ಕೆ ಜಯತ್ತೆ ಬಂದು ಒಂದು ಸಲ ಹಾಡಿದರೆ ಸಾಕು, ಅಪ್ಪನ ಮನಸ್ಸು ಬದಲಾಗುತ್ತದೆಂದು ನಾನು ದಿನ ಎಣಿಸುತ್ತಾ ಕೂತೆ.

ಬಂದಳು. ಹಬ್ಬದ ಬೆಳಗ್ಗೆ ಒಳಗೆ ಒಬ್ಬಟ್ಟಿಗೆ ಬೇಳೆ ಬೇಯುತ್ತಿತ್ತು. ಅತ್ತೆ ಚೊಂಬು ಹಿಡಿದು ಕೊಟ್ಟಿಗೆಗೆ ಹೋದಳು, ಹಿಂದೆಯೇ ನಾನು. ಕೂತಳು, ಹಣೆ ಆನಿಸಿದಳು. ಕಾದೆ, ಕಾದೆ, ಒಂದು ದನಿಯೂ ಇಲ್ಲ.

“ಹಾಡು ಅತ್ತೆ.”

“ಬತ್ತಿಲ್ಲ ಕಣ್ಮಗ.”

“ಯಾಕೆ, ಗಂಟ್ಲು ಕಟ್ಕೊಂಡದಾ?”

“ಅಲ್ಲಿ ಒಂದಿನ ಮುಸುರೆ ತಿಕ್ಕೋವಾಗ ಗುನುಗ್ದೆ. ‘ಯಾರ್ನೆ ಮೋಡಿ ಮಾಡಕ್ಕೆ ಹಾಡ್ತಿದ್ದೀಯ?’ ಅಂತ ಎಲ್ರ ಮುಂದೆ ಕೇಳ್ಬುಟ್ರು ನಮ್ಮತ್ತೆ. ಅವತ್ತಿಂದ ಬಾಯಿಗೇ ಬತ್ತಿಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಹೊಗಳಿದ್ದನ್ನೇ ಆ ಮನೆಯಲ್ಲಿ ಬೈಗುಳ ಮಾಡಿ ಇವಳ ಮುಖಕ್ಕೆ ಎಸೆದಿದ್ದರು. ಹೊಸ ಸೀರೆ ಉಟ್ಟ ಅತ್ತೆ ಅಲ್ಲಿ ಕೂತು ಸದ್ದಿಲ್ಲದೆ ಅಳುತ್ತಿದ್ದಳು. ಆಗ ಕೆಂದಿ ಕತ್ತು ತಿರುಗಿಸಿ ಅವಳ ಮೊಳಕೈ ಮೂಸಿತು, ಆಮೇಲೆ ನೆಕ್ಕಿತು. ಅತ್ತೆ ತುಟಿ ಬಿಚ್ಚಿರಲೇ ಇಲ್ಲ, ಆದರೂ ಹಾಲು ಇಳಿಯಿತು, ಚೊಂಬು ತುಂಬ. ಕೆಂದಿಗೆ ಬೇಕಿದ್ದದ್ದು ಜಯತ್ತೆ, ಹಾಡಲ್ಲ. ಅದು ಗೊತ್ತಾದದ್ದು ನಮಗಿಬ್ಬರಿಗೇ.

ಮೂರನೇ ದಿನ ಅತ್ತೆಯ ಅತ್ತೆ ನಿಂಗಮ್ಮ, ಸೊಸೆಯನ್ನು ಕರೆದೊಯ್ಯಲು ಬಂದರು. ಹಾಲು ಕಂಡು ಅವರ ಕಣ್ಣರಳಿತು. ಅಪ್ಪ, “ನಮ್ಮ ಕೈಗೆ ಇದು ಬಗ್ಗಲ್ಲ ಕಣವ್ವ. ಬಳುವಳಿ ಅಂದ್ಕೊಂಡು ಜಯನ ಜೊತೇಲೇ ಹೊಡ್ಕೊಂಡೋಗಿ” ಎಂದುಬಿಟ್ಟರು.

ನಿಂಗಮ್ಮ ಹೂಂ ಅನ್ನುವಷ್ಟರಲ್ಲಿ ನಾನು ಮುಂದೆ ಬಂದು ನಿಂತಿದ್ದೆ. “ಆದ್ರೆ ಅಜ್ಜಿ, ಅತ್ತೆ ಹಾಡ್ದಿದ್ರೆ ಅದು ಒಂದು ತೊಟ್ಟೂ ಕೊಡಕಿಲ್ಲ. ಎಲ್ಡೊತ್ತೂ ಹಾಡ್ಬೇಕು. ಯಾರೂ ಅಡ್ಡ ಮಾತಾಡ್ಬಾರ್ದು.”

“ಹಾಡ್ಲೇಬೇಕಾ?”

“ಬೇಕಾದ್ರೆ ನಮ್ಮಪ್ಪನ್ನ ಕೇಳಿ!”

ಅಪ್ಪ ನಿಜವೆಂದೇ ನಂಬಿ ತಲೆಯಾಡಿಸಿದರು. ಜಯತ್ತೆ ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು.

“ಹಾಲಿಗೋಸ್ಕರ ತಾನೆ, ಹಾಡ್ಲಿ ಬುಡು” ಎಂದರು ನಿಂಗಮ್ಮ.

ದಸರಾ ರಜೆಗೆ ಅಲ್ಲಿಗೆ ಹೋದಾಗ ಬೆಳಗ್ಗೆ ಕೊಟ್ಟಿಗೆಯ ಕಡೆಯಿಂದ ಗುನುಗು ಕೇಳಿಸಿತು. ಅಂಗಳದಲ್ಲಿ ಗಲಾಟೆ ಮಾಡುತ್ತಿದ್ದ ಮಕ್ಕಳನ್ನು ನಿಂಗಮ್ಮನೇ ಗದರುತ್ತಿದ್ದರು: “ಸುಮ್ಕಿರ್ರಲಾ, ಹಾಡ್ತಾವ್ಳೆ!” ನಾನು ಕಂಬಳಿಯೊಳಗೆ ಮುಖ ಹುದುಗಿಸಿಕೊಂಡು ನಕ್ಕಿದ್ದೇ ನಕ್ಕಿದ್ದು. ಅಷ್ಟು ಖುಷಿ ಆಮೇಲೆ ಯಾವ ಪರೀಕ್ಷೆ ಪಾಸಾದಾಗಲೂ ನನಗೆ ಆಗಿಲ್ಲ.

ಈಗ ಮದ್ದೂರಿನಲ್ಲಿ ನಾನೇ ಇಂಗ್ಲಿಷ್ ಪಾಠ ಮಾಡುತ್ತೇನೆ. ‘ಚಾರ್ಮ್’ ಪದದ ಹುಟ್ಟೂರು ಹೇಳಿದರೆ ಮಕ್ಕಳು, ಪರೀಕ್ಷೆಗೆ ಬರುತ್ತಾ ಮಿಸ್ ಎಂದು ಕೇಳುತ್ತಾರೆ. ಕೆಂದಿ ಹೋಗಿ ಎಷ್ಟೋ ವರ್ಷವಾಯಿತು. ನಿಂಗಮ್ಮನೂ ಇಲ್ಲ. ಹೋದ ತಿಂಗಳು ಜಯತ್ತೆಯ ಮನೆಗೆ ಹೋಗಿದ್ದೆ. ಐದು ಸೀಮೆಹಸು, ಹಾಲು ಕರೆಯಲು ಮಿಷನ್ನು. ಮಂಡಿನೋವಿನ ಅತ್ತೆಗೆ ಅದರಿಂದ ಎಷ್ಟೋ ಆರಾಮ, ಬೇಡವೆನ್ನಲು ನಾನ್ಯಾರು? ಒಂದು ಹಸುವಿಗೆ ಹಾಕಿದ್ದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುತ್ತಿದ್ದಳು. ಆ ಮಧ್ಯದ ನಿಶ್ಶಬ್ದದಲ್ಲಿ ಕೇಳಿದೆ.

“ಈಗ ಹಾಡಕಿಲ್ವಾ ಅತ್ತೆ?”

“ಇದ್ರ ಸದ್ದಲ್ಲಿ ಯಾರ್ಗ್ ಕೇಳ್ತದೆ ಮಗ? ಬ್ಯಾಡ ಅನ್ನೋರೂ ಇಲ್ಲ ಈಗ, ಬೇಕು ಅನ್ನೋರೂ ಇಲ್ಲ.”

ನನಗೆ ಬೇಕಲ್ಲ ಅತ್ತೆ, ಎಂದೆ. ಅಷ್ಟರಲ್ಲಿ ಅವಳು ಸ್ವಿಚ್ ಹಾಕಿಯಾಗಿತ್ತು.