ಎಡೆಗಿಟ್ಟ ಸಣ್ಣ ಪುಸ್ತಕ

ಅಕ್ಕ ನನ್ನ ಜೊತೆ ಕೊನೆಯ ಸಲ ಜಗಳ ಆಡಿದ್ದು ಕಾಫಿ ಹೂವು ಬಿಟ್ಟಿದ್ದ ದಿನ. ಹೆತ್ತೂರಿನ ಅವಳ ಮನೆ ಸುತ್ತ ತೋಟವೆಲ್ಲ ಬೆಳ್ಳಗಾಗಿದೆ, ಜೇನುಹುಳದ ಸದ್ದಿಗೆ ನಿನ್ನ ಮಾತೇ ಕೇಳಿಸುತ್ತಿಲ್ಲ ಎಂದು ಫೋನಿನಲ್ಲಿ ಕೂಗಿ ಹೇಳಿದಳು. ನಾನು ಕುಂದೂರಿನ ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಜಗಳ ಹಳೆಯದೇ. ಲಾಯದ ಕುಂಟ ಬದುಕಿದ್ದಾನೋ, ಸತ್ತನೋ.

ಅವನು ನಮ್ಮ ನೆಂಟನಲ್ಲ, ಕತೆಯವನು. ಕನ್ನಡಕ್ಕೆ ಬಂದಿದ್ದ ಒಂದು ಮಾಯಾಲೋಕದ ಕಾದಂಬರಿ, ದಪ್ಪನೆಯ ಆರು ಸಂಪುಟ. ಮೂರನೆಯದರಲ್ಲಿ ಎಲ್ಲರೂ ಹಿಮದ ಕಣಿವೆ ದಾಟುವಾಗ, ಹಿಂದೆ ಉಳಿದ ಮುದಿ ಕುದುರೆಯನ್ನು ತರಲು ಅವನೊಬ್ಬ ವಾಪಸ್ ಹೋಗುತ್ತಾನೆ. ಆಮೇಲೆ ಅವನ ಸುದ್ದಿಯೇ ಇಲ್ಲ.

"ಸತ್ತೋಗ್ಬುಟ್ಟ ಕಣಕ್ಕ. ಬರ್ದೋರೇ ಅವನ್ನ ಮರ್ತ್ಬುಟ್ಟವ್ರೆ."

"ಮರ್ತಿಲ್ಲ. ಕುದುರೆ ಹುಡುಕ್ತಾ ಅವ್ನೆ."

"ಮೂರು ಬುಕ್ಕು ಮುಗಿದ್ರೂ ಹುಡುಕ್ತಾನೇ ಅವ್ನಾ? ಅದೇನು ಕುದುರೆನೋ ಸೂಜಿನೋ?"

"ಅವನ್ದೇ ಒಂದು ಬುಕ್ಕು ಬತ್ತೈತಂತಲ್ಲ, ಬರ್ಲಿ. ಆಮೇಲೆ ಮಾತಾಡು ನೀನು."

ಮಾರನೆಯ ಬೆಳಿಗ್ಗೆ ಅವಳು ಒಲೆಯ ಮುಂದೆ ಕುಸಿದು ಬಿದ್ದಳು. ಹಾಸನ ತಲುಪುವ ಮೊದಲೇ ದಾರಿಯಲ್ಲಿ ಹೋಗಿಬಿಟ್ಟಳು. ತಲೆಯೊಳಗೆ ರಕ್ತನಾಳ ಒಡೆದಿತ್ತು ಎಂದರು.

ನಾವಿಬ್ಬರೂ ಓದುತ್ತಿದ್ದದ್ದು ಒಂದೇ ಪ್ರತಿ. ಅಕ್ಕ ದೊಡ್ಡವಳು, ಅವಳೇ ಮೊದಲು. ಮುಗಿಸಿದ ಮೇಲೆ ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದಳು. "ಏನಕ್ಕ, ಮನೆ ಕಟ್ತಿದೀರಾ? ತಿಂಗಳಿಗೊಂದು ಇಟ್ಟಿಗೆ ಬತ್ತೈತೆ" ಎಂದು ಆತ ಕಿಟಕಿಯಿಂದ ಕೊಡುತ್ತಿದ್ದ. ಪುಟಗಳ ನಡುವೆ ಅವಳ ತಲೆಗೂದಲು, ಒಂದೊಂದು ಸಲ ಸಾರಿನ ಕಲೆ. ಅವಳು ಎಲ್ಲಿ ಓದು ನಿಲ್ಲಿಸಿ ಒಗ್ಗರಣೆ ಹಾಕಲು ಎದ್ದಳು ಎಂದು ನನಗೆ ಗೊತ್ತಾಗುತ್ತಿತ್ತು.

ಲಾಯದ ಕುಂಟನ ಪುಸ್ತಕ ಮಳೆಗಾಲದಲ್ಲಿ ಬಂತು. ಸಕಲೇಶಪುರದ ಅಂಗಡಿಯವರಿಗೆ ಹೇಳಿ ತರಿಸಿದೆ. ಕೈಗೆ ತೆಗೆದುಕೊಂಡಾಗ ಇಷ್ಟು ತೆಳ್ಳಗಿದೆಯಲ್ಲ ಅನಿಸಿತು. ಆದರೂ ತೆರೆಯಲಿಲ್ಲ. ಅವಳಿಗಿಂತ ಮೊದಲು ನಾನು ಯಾವುದನ್ನೂ ಓದಿದವಳಲ್ಲ. ಹೋದವರಿಗೆ ಎಡೆ ಇಡುವ ಪಕ್ಷದ ಹಬ್ಬ ಹತ್ತಿರವಿತ್ತು. ಅವಳಿಗೆ ಅದೇ ಮೊದಲ ಎಡೆ.

ಎಡೆಗೆ ಇಡುವ ಅಡಿಗೆಯನ್ನು ಯಾರೂ ಬಾಯಿಗೆ ಹಾಕಿ ನೋಡಬಾರದು, ಜೊತೆಗಿಡುವ ಹೊಸ ಸೀರೆಯ ಮಡಿಕೆ ಬಿಚ್ಚಬಾರದು. ಹೋದವರು ಉಂಡ ಮೇಲೆ ಉಳಿದವರಿಗೆ. ಹೆತ್ತೂರಿನಲ್ಲಿ ಅಕ್ಕನ ಅತ್ತೆ ಬಾಳೆ ಎಲೆಯ ಮೇಲೆ ಕಡುಬು, ಕೋಳಿ ಸಾರು, ಕಜ್ಜಾಯ ಬಡಿಸಿದರು. ನಾನು ಸೀರೆಯ ಪಕ್ಕ ಪುಸ್ತಕ ಇಟ್ಟೆ.

"ಬುಕ್ಕನ್ನ ಎಡೆಗೆ ಇಡ್ತಾರೇನೇ?" ಎಂದರು ಅತ್ತೆ.

"ಇಡ್ಲಿ ಬಿಡವ್ವ" ಎಂದರು ಭಾವ. ಆಮೇಲೆ ಒಳಗೆ ಹೋಗಿ ಅವಳ ಕನ್ನಡಕ ತಂದರು. "ಇದನ್ನೂ ಇಡು. ಇದಿಲ್ದೆ ಅವ್ಳಿಗೆ ಬಸ್ಸಿನ ಬೋರ್ಡೇ ಕಾಣ್ತಿರ್ಲಿಲ್ಲ."

ಅತ್ತೆ ನಕ್ಕರು. ನಗುತ್ತಲೇ ಸೆರಗು ಬಾಯಿಗೆ ಹಿಡಿದುಕೊಂಡರು.

ಅವಳು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು. ಒಳಗೆ ಅವಳು ಊಟ ಬಿಟ್ಟು ಮೊದಲು ಪುಸ್ತಕವನ್ನೇ ಎತ್ತಿಕೊಂಡಿರುತ್ತಾಳೆ ಅಂದುಕೊಂಡೆ. ಅದನ್ನು ನಂಬಿದೆನೋ ಇಲ್ಲವೋ ಹೇಳಲಾರೆ. ನಿಂತಿದ್ದಷ್ಟು ಹೊತ್ತು ಅವಸರ ಮಾಡಬೇಡಿ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಕೊನೆಗೆ ಭಾವ ಕೆಮ್ಮಿ ಬಾಗಿಲು ತಟ್ಟಿ ತೆರೆದರು.

ಊಟಕ್ಕೆ ಕೂತಾಗ ಸಾರಿನಲ್ಲಿ ಉಪ್ಪೇ ಇರಲಿಲ್ಲ. "ರುಚಿ ನೋಡಂಗಿಲ್ವಲ್ಲ, ನಾನೇನ್ ಮಾಡ್ಲಿ? ಮೇಲಿಂದ ಹಾಕ್ಕೊಳ್ಳಿ" ಎಂದು ಅತ್ತೆ ಉಪ್ಪಿನ ಬಟ್ಟಲು ಮುಂದೆ ತಳ್ಳಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಪುಸ್ತಕ ತೆರೆದೆ. ಸಕಲೇಶಪುರ ಬರುವಷ್ಟರಲ್ಲಿ ಮುಗಿದೇಹೋಯಿತು.

ಅದು ಅವನ ಹುಡುಗುತನದ ಕತೆ. ಕಣಿವೆಗೆ ಹೋಗುವುದಕ್ಕಿಂತ ಎಷ್ಟೋ ವರ್ಷ ಹಿಂದಿನದು. ಸುಮ್ಮನೆ ಮುಖ ತೋರಿಸಿ ಹೋಗಲು ಹಳೆಯ ಪಾತ್ರಗಳೆಲ್ಲ ಬರುತ್ತವೆ. ಕಾಲು ಕುಂಟಾದದ್ದು ಹೇಗೆ ಎಂದು ವಿವರವಾಗಿ ಬರೆದಿದ್ದಾರೆ: ಹಣ್ಣು ಕದಿಯಲು ಹೋಗಿ ಗೋಡೆಯಿಂದ ಬಿದ್ದನಂತೆ. ಸಂಪುಟಗಳಲ್ಲಿ ಅವನು ಕೇಳಿದವರಿಗೆಲ್ಲ ಒಂದೊಂದು ಸುಳ್ಳು ಹೇಳುತ್ತಿದ್ದ. ಒಬ್ಬರಿಗೆ ಕರಡಿ ಕಚ್ಚಿತು ಎಂದು, ಇನ್ನೊಬ್ಬರಿಗೆ ರಾಣಿ ಒದ್ದಳು ಎಂದು. ಆ ಸುಳ್ಳುಗಳನ್ನು ಅಕ್ಕ ಅವನ ಧಾಟಿಯಲ್ಲೇ ಫೋನಿನಲ್ಲಿ ಓದಿ ಹೇಳುತ್ತಿದ್ದಳು. ನಿಜ ಏನೆಂದು ನಾವ್ಯಾರೂ ಕೇಳಿರಲಿಲ್ಲ. ಕೇಳಿದ್ದು ಒಂದೇ, ಅದರ ಮಾತೇ ಇಲ್ಲ. ಕೊನೆಯ ಪುಟದಲ್ಲಿ ಅವನ ಕೈಗೆ ಒಂದು ಮರಿಕುದುರೆ ಸಿಗುತ್ತದೆ. ಅಲ್ಲಿಗೆ ಮುಗಿಯಿತು. ಉಳಿದ ಹಾಳೆಗಳಲ್ಲಿ ನಮ್ಮ ಹತ್ತಿರ ಇರುವ ಮೊದಲ ಸಂಪುಟದ ಮೊದಲ ಅಧ್ಯಾಯವನ್ನೇ ಮತ್ತೆ ಅಚ್ಚು ಹಾಕಿದ್ದರು.

ಬಸ್ ಸ್ಟ್ಯಾಂಡಿನಲ್ಲಿ ನಾನು ಹತ್ತಬೇಕಿದ್ದ ಆಲೂರಿನ ಕಡೆಯ ಬಸ್ಸು ಬಂದರೂ ಏಳಲಾಗಲಿಲ್ಲ. ಅವಳಿದ್ದಿದ್ದರೆ ಇಬ್ಬರೂ ಸೇರಿ ಬರೆದವರಿಗೆ ಚೆನ್ನಾಗಿ ಬೈದು, ಅರ್ಧ ಗಂಟೆಯಲ್ಲಿ ಮರೆತುಬಿಡಬಹುದಾದ ಪುಸ್ತಕ ಅದು. ನಾನು ಅದನ್ನು ರುಚಿ ನೋಡದೆ ಅವಳ ಎಲೆಯ ಪಕ್ಕ ಇಟ್ಟಿದ್ದೆ. ಉಪ್ಪಿನ ಬಟ್ಟಲು ತಳ್ಳಲು ಅಲ್ಲಿ ಯಾರಿದ್ದರು?

ಊರು ಮುಟ್ಟಿದೆಯಾ ಎಂದು ಕೇಳಲು ಭಾವ ಫೋನ್ ಮಾಡಿದರು. ಮಾತು ಮುಗಿದ ಮೇಲೂ ಇಡಲಿಲ್ಲ.

"ಅಲ್ಲ ಕಣವ್ವ, ಅವ್ನು ಬದುಕವ್ನಾ?"

ನಮ್ಮ ಜಗಳವನ್ನು ಅವರು ಇಷ್ಟು ದಿನ ಕೇಳಿಸಿಕೊಂಡಿದ್ದರು ಎಂದು ನನಗೆ ಗೊತ್ತಿರಲಿಲ್ಲ.

"ಅದನ್ನ ಬರ್ದಿಲ್ಲ ಭಾವ."

"ಬರ್ದಿಲ್ವಾ?" ಎಂದರು. "ಮತ್ಯಾಕ್ ಬುಕ್ ಮಾಡಿದ್ರಂತೆ?"

ನನಗೂ ಗೊತ್ತಿಲ್ಲ. ಪುಸ್ತಕವನ್ನು ಆರು ಸಂಪುಟಗಳ ಪಕ್ಕದಲ್ಲೇ ಇಟ್ಟಿದ್ದೇನೆ. ಅದರಲ್ಲಿ ಒಂದು ಕೂದಲಿಲ್ಲ, ಸಾರಿನ ಕಲೆಯಿಲ್ಲ. ಕುಂಟ ಕಣಿವೆಯಿಂದ ವಾಪಸ್ ಬಂದನೋ ಇಲ್ಲವೋ ಎಂಬುದೂ ಇಲ್ಲ. ಬಂದೇ ಬರುತ್ತಾನೆ ಅನ್ನಲು ಅಕ್ಕ ಇಲ್ಲ.